ಬಾಳೆಗೆ ಕಾಂಡ ಎಲ್ಲಿದೆ

ಗಿಡದ ಅಂಗಗಳ ಹೆಸರನ್ನು ನಾನು ಮೊದಲು ಕಲಿತದ್ದು ಉರ್ದುವಿನಲ್ಲಿ. ಬೇರಿಗೆ ಜಡ್, ಕಾಂಡಕ್ಕೆ ತನಾ, ಎಲೆಗೆ ಪತ್ತಾ, ಹೂವಿನ ಎಸಳಿಗೆ ಪಂಖಡಿ. ಮನೆಯಲ್ಲಿ ಆಡುವುದು ಕನ್ನಡ, ಶಾಲೆಯಲ್ಲಿ ಓದುವುದು ಉರ್ದು. ನಿಜಾಮರ ರಾಜ್ಯದಲ್ಲಿ ಹುಟ್ಟಿದ ನಮಗೆ ಇದರಲ್ಲಿ ವಿಚಿತ್ರವೇನೂ ಕಾಣುತ್ತಿರಲಿಲ್ಲ. ಕಲಬುರಗಿಯ ಕೋರ್ಟಿನಲ್ಲಿ ಪೇಶ್ಕಾರರಾಗಿದ್ದ ಅಪ್ಪ ನನ್ನ ಕೈ ಹಿಡಿದು ಅಲಿಫ್ ಬೇ ತಿದ್ದಿಸಿದ್ದರು. ಹೆಣ್ಣುಮಗಳಿಗೆ ಇಷ್ಟು ಓದು ಯಾಕೆ ಎಂದು ಬಂಧುಗಳು ಮೂಗು ಮುರಿದರು. ಅಪ್ಪ ಕಿವಿಗೆ ಹಾಕಿಕೊಳ್ಳದೆ ನನ್ನನ್ನು ಹೈದರಾಬಾದಿಗೆ ಕಳಿಸಿ ಇಂಟರ್ ಓದಿಸಿದರು. ಅಲ್ಲಿ ಸಸ್ಯಶಾಸ್ತ್ರವನ್ನು ಇಲ್ಮೆ ನಬಾತಾತ್ ಎನ್ನುತ್ತಿದ್ದರು. ಅದು ನನಗೆ ಎಷ್ಟು ಇಷ್ಟವಾಯಿತೆಂದರೆ, ದಾರಿಯಲ್ಲಿ ಹೋಗುವಾಗ ಕಂಡವರ ಬೇಲಿಯ ಹೂ ಕಿತ್ತು, ಬಿಡಿಸಿ, ಎಣಿಸಿ ಬೈಸಿಕೊಂಡದ್ದುಂಟು.

ಓದು ಮುಗಿಸಿ ಬಂದವಳೇ ಕಲಬುರಗಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುವ ಕೆಲಸಕ್ಕೆ ಸೇರಿದೆ. ಹುದ್ದೆ ಹಂಗಾಮಿ. ಹುಡುಗಿಯರು ನನ್ನನ್ನು ಉಸ್ತಾನಿ ಎಂದು ಕರೆಯುತ್ತಿದ್ದರು. ಸೇರಿದ ವರ್ಷವೇ ಅಪ್ಪ ತೀರಿಕೊಂಡರು. ಮರುವರ್ಷ ಪೊಲೀಸ್ ಕಾರ್ಯಾಚರಣೆ ಆಗಿ ನಿಜಾಮರ ರಾಜ್ಯ ಭಾರತಕ್ಕೆ ಸೇರಿತು. ಅದಕ್ಕೆ ಮುಂಚೆ ರಜಾಕಾರರ ಗದ್ದಲದಲ್ಲಿ ನಮ್ಮ ಓಣಿ ಪಟ್ಟ ಪಾಡು, ಅದರ ನಂತರ ಪಕ್ಕದ ಮುಸಲ್ಮಾನರ ಓಣಿಯವರು ಪಟ್ಟ ಪಾಡು, ಎರಡನ್ನೂ ಕಣ್ಣಾರೆ ಕಂಡೆ. ಯಾವುದನ್ನೂ ಮರೆತಿಲ್ಲ. ಆದರೆ ಇಲ್ಲಿ ಬರೆಯುತ್ತಿರುವುದು ಶಾಲೆಯ ಸಂಗತಿ, ಅದೂ ನಾನು ಗೆದ್ದ ಸಂಗತಿ. ಗೆದ್ದದ್ದನ್ನು ನಾಚಿಕೊಂಡು ಹೇಳುವ ಸ್ವಭಾವ ನನ್ನದಲ್ಲ.

ಶಾಲೆ ಮತ್ತೆ ತೆರೆದಾಗ ಎಲ್ಲ ಕನ್ನಡದಲ್ಲಿ ನಡೆಯಬೇಕೆಂಬ ಆದೇಶ ಬಂತು. ಉಸ್ತಾನಿಯಾಗಿದ್ದ ನಾನು ಒಂದೇ ವಾರದಲ್ಲಿ ಅಕ್ಕೋರು ಆದೆ. ಮೈಸೂರು ಕಡೆಯಿಂದ ಒಬ್ಬ ಮುಖ್ಯೋಪಾಧ್ಯಾಯಿನಿ ಬಂದರು. ಹುಡುಗಿಯರು ಅವರನ್ನು ದೊಡ್ಡಕ್ಕೋರು ಎಂದರು. ಬಿಳಿ ಸೀರೆ, ಕೈಗೆ ಗಡಿಯಾರ, ಮಾತು ಸ್ವಚ್ಛ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಸಂಜೆ ಎಲ್ಲರಿಗಿಂತ ಕಡೆಗೆ ಹೋಗುತ್ತಿದ್ದರು. ಬಿಸಿಲು ತಡೆಯಲಾರದೆ ಒದ್ದೆ ಕರವಸ್ತ್ರವನ್ನು ನೆತ್ತಿಯ ಮೇಲೆ ಇಟ್ಟುಕೊಂಡೇ ದಫ್ತರು ನೋಡುತ್ತಿದ್ದರು. ಕೆಟ್ಟವರಲ್ಲ. ಆದರೆ ಮೊದಲ ದಿನವೇ ನನ್ನ ತರಗತಿಯ ಬಾಗಿಲಲ್ಲಿ ಐದು ನಿಮಿಷ ನಿಂತು ಕೇಳಿ, ಹೊರಗೆ ಕರೆದು ಹೇಳಿದರು.

"ಏನ್ರೀ ಇದು? ಅರ್ಧ ಉರ್ದು, ಉಳಿದರ್ಧ ಹೊಲದಲ್ಲಿ ಆಡೋ ಮಾತು. ಇದರಲ್ಲಿ ವಿಜ್ಞಾನ ಹೇಳಕ್ಕಾಗತ್ತಾ? ಇದು ಕನ್ನಡವೇ ಅಲ್ಲ."

ನನ್ನ ಮೈಯೆಲ್ಲ ಉರಿಯಿತು. ಕನ್ನಡದಲ್ಲೇ ಅತ್ತು, ಕನ್ನಡದಲ್ಲೇ ಜಗಳವಾಡಿ ಬೆಳೆದವಳು ನಾನು. ಆದರೆ ಅವರ ಮಾತಿನಲ್ಲಿ ಅರ್ಧ ನಿಜವಿತ್ತು. ಗಿಡದ ಪಾಠ ಹೇಳುವಾಗ ನನ್ನ ಬಾಯಿಗೆ ಉರ್ದು ಬಿಟ್ಟು ಬೇರೆ ಬರುತ್ತಿರಲಿಲ್ಲ. ದೊಡ್ಡಕ್ಕೋರು ಅಷ್ಟಕ್ಕೇ ಬಿಡಲಿಲ್ಲ. ದೀಪಾವಳಿ ಕಳೆದ ಮೇಲೆ ಇನ್ಸ್‌ಪೆಕ್ಟರ್ ಸಾಹೇಬರು ಬರುತ್ತಾರೆ. ಹಂಗಾಮಿ ಇರುವವರು ಅವರ ಮುಂದೆ ಒಂದು ಪಾಠ ಮಾಡಿ ತೋರಿಸಬೇಕು. ಕನ್ನಡದಲ್ಲಿ ಪಾಠ ಹೇಳಬಲ್ಲವರು ಖಾಯಂ ಆಗುತ್ತಾರೆ, ಹೇಳಲಾರದವರಿಗೆ ಆ ತಿಂಗಳೇ ಕಡೆಯದು. ಹೀಗೆಂದು ಖಚಿತವಾಗಿ ಹೇಳಿ, ಇನ್ನೂರು ಶಬ್ದಗಳ ಒಂದು ಪಟ್ಟಿಯನ್ನು ನನ್ನ ಕೈಗೆ ಕೊಟ್ಟರು. ನನಗೆ ಗೊತ್ತುಮಾಡಿದ ಪಾಠ ಕಾಂಡ ಮತ್ತು ಅದರ ಭಾಗಗಳು. ಸ್ಥಳೀಯ ಗಿಡವೊಂದನ್ನು ಉದಾಹರಣೆಗೆ ತೆಗೆದುಕೊಳ್ಳಬೇಕು.

ಊರೊಳಗೆ ಜಗತ್ ಎಂಬ ಬಡಾವಣೆಯ ಹತ್ತಿರದ ಬಾಡಿಗೆ ಮನೆಯಲ್ಲಿ ಅವ್ವ ಮತ್ತು ನಾನು ಇಬ್ಬರೇ ಇದ್ದೆವು. ಈ ಕೆಲಸ ಹೋದರೆ ಕಲಬುರಗಿಯಲ್ಲಿ ನಮಗೆ ಬೇರೆ ದಿಕ್ಕಿರಲಿಲ್ಲ. ಅದಕ್ಕಿಂತ ನನ್ನನ್ನು ಹೆದರಿಸಿದ್ದು ಇನ್ನೊಂದು. ಮತ್ತೆ ಯಾವತ್ತೂ ಕೈಯಲ್ಲಿ ಸೀಮೆಸುಣ್ಣದ ಖಡು ಹಿಡಿದು ಮೂವತ್ತು ಹುಡುಗಿಯರ ಮುಂದೆ ನಿಲ್ಲಲಾರೆನಲ್ಲ ಎಂಬುದು.

ಹಾಗಾಗಿ ಪಟ್ಟಿಯನ್ನು ಉರುಹೊಡೆಯಲು ಕುಳಿತೆ. ಪರ್ಣವೃಂತ, ಪತ್ರಕಕ್ಷ, ಶಲಾಕಾಗ್ರ, ಅಂಡಾಶಯ. ಪುಷ್ಪಮಂಜರಿ ಎಂಬುದು ನನ್ನ ತರಗತಿಯ ಯಾವುದೋ ಹುಡುಗಿಯ ಹೆಸರಿನಂತೆ ಕೇಳುತ್ತಿತ್ತು. ಅವ್ವ ಒಲೆಯ ಮುಂದೆ ಜೋಳದ ರೊಟ್ಟಿ ಬಡಿಯುತ್ತಿದ್ದರೆ ನಾನು ಪಕ್ಕದಲ್ಲಿ ಕುಳಿತು ಗಟ್ಟಿಯಾಗಿ ಒದರುತ್ತಿದ್ದೆ.

"ಅದ್ಯಾವ ದೇವ್ರ ಮಂತ್ರ ಹೇಳಾಕತ್ತೀಯವ್ವಾ?" ಎಂದು ಅವ್ವ ಒಂದು ದಿನ ಕೇಳಿದಳು.

"ಗಿಡದ ಮೈ ಕೈ ಹೆಸರು ಇವು."

"ಪಾಪ, ಗಿಡಕ್ಕ ಗೊತ್ತದೋ ಇಲ್ಲೋ," ಎಂದು ರೊಟ್ಟಿ ತಿರುವಿ ಹಾಕಿದಳು.

ಪಟ್ಟಿ ಬಾಯಿಗೆ ಬಂತು. ಇನ್ನು ಸ್ಥಳೀಯ ಗಿಡ. ಅದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಕಮಲಾಪುರದ ಕೆಂಪು ಬಾಳೆಗಿಂತ ನಮ್ಮದು ಎನ್ನುವ ಗಿಡ ಇನ್ನಾವುದು? ಅಪ್ಪನ ಅಕ್ಕ, ನನ್ನ ಸೋದರತ್ತೆ, ಕಮಲಾಪುರದಲ್ಲಿ ಬಾಳೆಯ ತೋಟ ಮಾಡುತ್ತಿದ್ದಳು. ಗಂಡ ಸತ್ತ ಮೇಲೆ ಯಾರ ಪಾಲಿಗೂ ಕೊಡದೆ ತಾನೇ ಕಚ್ಚೆ ಹಾಕಿ ಗುದ್ದಲಿ ಹಿಡಿದವಳು. ನಾನು ಒಂದು ದೊಡ್ಡ ಹಾಳೆಯ ಮೇಲೆ ಬಾಳೆಯ ಚಿತ್ರ ಬರೆದೆ. ಎತ್ತರಕ್ಕೆ ನೆಟ್ಟಗೆ ನಿಂತ, ಕೆಂಪು ಛಾಯೆಯ ಆ ದಪ್ಪ ಕಂಬಕ್ಕೆ ಬಾಣದ ಗುರುತು ಹಾಕಿ ಚಂದದ ಅಕ್ಷರದಲ್ಲಿ 'ಕಾಂಡ' ಎಂದು ಬರೆದೆ. ದೀಪಾವಳಿಯ ರಜೆಗೆ ಅತ್ತೆಯ ಮನೆಗೆ ಹೋಗುವಾಗ ಹಾಳೆಯನ್ನು ಸುತ್ತಿ ಜೊತೆಗೆ ಒಯ್ದೆ. ಬಣ್ಣ ಸರಿ ಇದೆಯೋ ಇಲ್ಲವೋ ಗಿಡದ ಪಕ್ಕ ಹಿಡಿದು ನೋಡಬೇಕಿತ್ತು. ನಿಜ ಹೇಳಬೇಕೆಂದರೆ ಸ್ವಲ್ಪ ಮೆರೆಯಬೇಕೂ ಇತ್ತು.

ಅತ್ತೆ ತೋಟದ ಬದುವಿನ ಮೇಲೆ ಕುಳಿತು ಚಿತ್ರವನ್ನು ಬಹಳ ಹೊತ್ತು ನೋಡಿದಳು. ಅವಳಿಗೆ ಓದು ಬರುತ್ತಿರಲಿಲ್ಲ.

"ಬಾಳಿ ಚಂದ ಬರದೀ. ಈ ಬಾಣ ಯಾಕ ಹೊಡದೀ ಅದಕ್ಕ?"

"ಅದು ಕಾಂಡ ಅಂತ ತೋರಸಾಕ, ಅತ್ತಿ. ಗಿಡದ ಬೊಡ್ಡಿ. ಅದರ ಮ್ಯಾಲೇ ಗಿಡ ನಿಂತಿರ್ತದ."

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗಲು ಶುರುಮಾಡಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. "ಬಾಳಿಗಿ ಎಲ್ಲೀ ಬೊಡ್ಡಿನೇ ಯವ್ವಾ? ಅದು ಎಲಿ!"

ನನಗೆ ಸಿಟ್ಟು ಬರಲು ಅಷ್ಟು ಸಾಕಿತ್ತು. "ನಾ ಹೈದರಾಬಾದಿನಾಗ ಎರಡು ವರ್ಷ ಇದನ್ನೇ ಓದೀನಿ ಅತ್ತಿ."

"ನಾ ಈ ತ್ವಾಟದಾಗ ಇಪ್ಪತ್ತು ವರ್ಷ ಬಗ್ಗೀನಿ. ನಡಿ, ತೋರಸ್ತೀನಿ," ಎಂದು ಕುಡುಗೋಲು ತೆಗೆದುಕೊಂಡು ಎದ್ದಳು.

ಗೊನೆ ಕೊಯ್ದು ಬಿಟ್ಟಿದ್ದ ಒಂದು ಬಾಳೆಯ ಹತ್ತಿರ ಹೋಗಿ ಕಂಬವನ್ನು ಉದ್ದಕ್ಕೆ ಸೀಳಿ, ಹೊರಗಿನ ಪಟ್ಟೆಯನ್ನು ಸರ್ರನೆ ಎಳೆದಳು. ನಾರಿಗಾಗಿ ದಿನವೂ ಮಾಡುವ ಕೆಲಸ ಅದು. ಅವಳು ಕೈಯ ಕಡೆ ನೋಡಬೇಕಾಗಿಯೂ ಇರಲಿಲ್ಲ. ಎಳೆದ ಪಟ್ಟೆ ತುದಿಯವರೆಗೂ ಹೋಗಿ ಒಂದು ಎಲೆಯನ್ನು ಜೊತೆಗೇ ತಂದಿತು. "ಇದು ಎಲಿ," ಎಂದಳು. ಇನ್ನೊಂದು ಎಳೆದಳು. ಅದರ ತುದಿಗೂ ಎಲೆ. "ಇದೂ ಎಲಿ." ಎಲೆಗಳ ಬುಡಗಳೇ ಒಂದರ ಮೇಲೊಂದು ಸುತ್ತಿಕೊಂಡು ಕಂಬವಾಗಿ ನಿಂತಿದ್ದವು. ಆದರೆ ಕೊನೆಗೆ ನಡುವೆ ಬೆಳ್ಳಗಿನ ಗಟ್ಟಿ ದಿಂಡು ಸಿಕ್ಕಿತು. ನಾನು ಚಪ್ಪಾಳೆ ತಟ್ಟಿಬಿಟ್ಟೆ.

"ನೋಡು! ಇಲ್ಲೇ ಅದ ನೋಡು ಕಾಂಡ!"

"ತಡಿ," ಎಂದು ಅತ್ತೆ ಇನ್ನೂ ಗೊನೆ ಹಾಕದ, ಗಾಳಿಗೆ ಬಿದ್ದಿದ್ದ ಒಂದು ಗಿಡವನ್ನು ಹಾಗೆಯೇ ಬಿಚ್ಚಿದಳು. ಪಟ್ಟೆಯೊಳಗೆ ಪಟ್ಟೆ. ಕಟ್ಟಕಡೆಗೆ ಸುರುಳಿ ಸುತ್ತಿದ ಎಳೆಯ ಸುಳಿ. ಅದನ್ನೂ ಬಿಡಿಸಿದರೆ ಅದೂ ಎಲೆ. ಆಮೇಲೆ ಅವಳ ಕೈಯಲ್ಲಿ ಏನೂ ಉಳಿಯಲಿಲ್ಲ.

"ಇದಕ್ಕ ದಿಂಡ ಎಲ್ಲದ ಹೇಳು? ಅಸಲು ಗಿಡ ಮಣ್ಣಾಗಿನ ಗಡ್ಡಿ. ಗೊನಿ ಹಾಕೋ ಮುಂದ ಅದು ತನ್ನೊಳಗಿಂದ ದಿಂಡು ಮ್ಯಾಲ ಕಳಸ್ತದ. ಅಲ್ಲಿತನಕ ಮ್ಯಾಲ ಕಾಣೋದೆಲ್ಲ ಬರೇ ಎಲಿ," ಎಂದಳು ಅತ್ತೆ.

ಬಾಳೆಯ ಊರಿನ ಹೆಣ್ಣುಮಗಳು, ಸಸ್ಯಶಾಸ್ತ್ರ ಓದಿದವಳು, ಇದನ್ನು ತಿಳಿಯದೆ ಇದ್ದೆ. ನಾಚಿಕೆಯಾಯಿತು. ಆದರೆ ನಾಚಿಕೆ ಬಹಳ ಹೊತ್ತು ನಿಲ್ಲಲಿಲ್ಲ, ಅದರ ಹಿಂದೆಯೇ ಒಂದು ಸಂತೋಷ ಉಕ್ಕಿ ಬಂತು. ಆ ಸಂಜೆಯೆಲ್ಲ ಅತ್ತೆಯ ಬೆನ್ನು ಬಿಡದೆ ತೋಟ ಸುತ್ತಿದೆ. ಇದಕ್ಕೇನಂತಾರೆ, ಅದಕ್ಕೇನಂತಾರೆ ಎಂದು ಪೀಡಿಸಿದೆ. ಗಡ್ಡೆ, ಗಡ್ಡೆಯಿಂದ ಒಡೆಯುವ ಮರಿಗೆ ಕಂದು, ಎಲೆಯ ಬುಡಕ್ಕೆ ಪಟ್ಟೆ, ನಡುವಿನ ಎಳೆಯ ಎಲೆಗೆ ಸುಳಿ, ಗೊನೆಯ ತುದಿಯ ಹೂವಿಗೆ ಮೂತಿ, ಗೊನೆಯಲ್ಲಿನ ಒಂದೊಂದು ಸಾಲು ಕಾಯಿಗೆ ಹಣಿಗೆ. ಪಕ್ಕದ ಹೊಲದ ಜೋಳದಲ್ಲಿ ದಂಟಿನ ಗಂಟಿಗೆ ಗೆಣ್ಣು, ದಂಟನ್ನು ಸುತ್ತಿದ ಎಲೆ ಒಣಗಿದರೆ ರವದಿ. ತೊಗರಿಗೆ ನೆಲದಾಳಕ್ಕೆ ಇಳಿಯುವ ತಾಯಿಬೇರು. ಎಲ್ಲವೂ ನಾನು ಚಿಕ್ಕಂದಿನಿಂದ ಕೇಳಿದ ಶಬ್ದಗಳೇ. ಅವು ಶಾಲೆಗೆ ಬರಬಹುದಾದ ಶಬ್ದಗಳೆಂದು ನನಗೆ ಯಾರೂ ಹೇಳಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಚಿತ್ರದ ಹಾಳೆಯನ್ನು ಅಲ್ಲೇ ಒಲೆಗೆ ಹಾಕಿದೆ. ರಜೆ ಮುಗಿಯುವ ದಿನ ಅತ್ತೆ ಗೊನೆ ಹಾಕದ ಒಂದು ಆಳೆತ್ತರದ ಬಾಳೆಯನ್ನು ಗಡ್ಡೆ ಸಮೇತ ಅಗೆದು, ಒದ್ದೆ ಗೋಣಿತಾಟಿನಲ್ಲಿ ಸುತ್ತಿ ಬಸ್ಸಿನ ತನಕ ಹೊತ್ತು ತಂದಳು. ಕಂಡಕ್ಟರ್ ಅದನ್ನು ಮೇಲಿಂದ ಕೆಳಗೆ ನೋಡಿದ. "ಇದಕ್ಕ ಪೂರಾ ಟಿಕೇಟ್ ಆಗ್ತದ್ರೀ ಬಾಯಿ, ಎತ್ತರ ನೋಡಿದ್ರ," ಎಂದ.

"ಸಾಲಿಗಿ ಹೊಂಟದ ಅದು. ಸಾಲಿ ಹುಡುಗೂರಿಗಿ ಅರ್ಧ ಟಿಕೇಟ್," ಎಂದಳು ಅತ್ತೆ. ಕಂಡಕ್ಟರ್ ನಗುತ್ತ ಗಿಡವನ್ನು ಬಸ್ಸಿನ ಮೇಲೆ ಹಾಕಿಸಿದ, ಟಿಕೇಟು ಕೇಳಲಿಲ್ಲ. ಕಲಬುರಗಿ ಮುಟ್ಟುವವರೆಗೂ ಪ್ರತಿ ತಗ್ಗಿಗೂ ನನ್ನ ಜೀವ ಬಾಯಿಗೆ ಬರುತ್ತಿತ್ತು, ಗಿಡ ಬಿದ್ದೀತೆಂದು.

ಎರಡು ದಿನ ಬಿಟ್ಟು ಇನ್ಸ್‌ಪೆಕ್ಟರ್ ಸಾಹೇಬರು ಬಂದರು. ಬೀದರ ಕಡೆಯ ವಯಸ್ಸಾದ ಮನುಷ್ಯ, ಕರಿ ಶೇರವಾನಿ, ಮಾತು ಕಡಿಮೆ. ಹಿಂದಿನ ಸಾಲಿನಲ್ಲಿ ಕುರ್ಚಿ ಹಾಕಿಕೊಂಡು ಕುಳಿತರು. ದೊಡ್ಡಕ್ಕೋರು ಅವರ ಪಕ್ಕದಲ್ಲಿ, ತೊಡೆಯ ಮೇಲೆ ಇನ್ನೂರು ಶಬ್ದಗಳ ಪಟ್ಟಿಯ ಇನ್ನೊಂದು ಪ್ರತಿ. ನಾನು ಮೇಜಿನ ಮೇಲೆ ಬಾಳೆ ಮಲಗಿಸಿದ್ದೆ, ಒಂದು ಜೋಳದ ದಂಟನ್ನೂ ಕುಡುಗೋಲನ್ನೂ ಇಟ್ಟಿದ್ದೆ.

ಪಟ್ಟಿಯ ಮಾತಿನಲ್ಲೇ ಶುರುಮಾಡಿದೆ. ಹೆದರಿಕೆ ಇತ್ತಲ್ಲ. "ಪರ್ಣವೃಂತವು ಕಾಂಡಕ್ಕೆ ಸೇರುವ ಕೋನವನ್ನು ಪತ್ರಕಕ್ಷವೆಂದು..." ಎಂದೆ. ಮೂವತ್ತು ಮುಖಗಳು ಗೋಡೆ ನೋಡಿದ ಹಾಗೆ ನನ್ನನ್ನು ನೋಡಿದವು. ಮುಂದಿನ ಶಬ್ದ ನಾಲಿಗೆಯ ಮೇಲೆ ಸಿಕ್ಕಿಕೊಂಡಿತು. ದೊಡ್ಡಕ್ಕೋರು ಪಟ್ಟಿಯ ಮೇಲೆ ಪೆನ್ಸಿಲಿನಿಂದ ಏನೋ ಗುರುತು ಹಾಕಿದರು. ಆ ಪೆನ್ಸಿಲು ನೋಡಿದ್ದೇ ನನ್ನ ಸಿಟ್ಟು ನೆತ್ತಿಗೇರಿತು, ಹೆದರಿಕೆ ಹಾರಿಹೋಯಿತು. ಹೋದರೆ ಹೋಗಲಿ ನೌಕರಿ, ಹುಡುಗಿಯರಿಗೆ ತಿಳಿಯುವ ಹಾಗೆ ಒಂದು ಪಾಠವನ್ನಾದರೂ ಹೇಳಿ ಹೋಗುತ್ತೇನೆ ಎಂದುಕೊಂಡೆ. ಜೋಳದ ದಂಟು ಎತ್ತಿ ಹಿಡಿದೆ.

"ಇದರಾಗ ಗೆಣ್ಣು ಎಲ್ಲೆಲ್ಲಿ ಅವ, ಬಂದು ತೋರಸ್ರಿ."

ಗೋಡೆ ನೋಡುತ್ತಿದ್ದ ಮುಖಗಳು ಒಮ್ಮೆಲೇ ತಿರುಗಿದವು. ನಾಲ್ಕು ಹುಡುಗಿಯರು ಒಟ್ಟಿಗೆ ಎದ್ದು ಓಡಿ ಬಂದರು. ಎಲೆ ಹುಟ್ಟುವುದು ಗೆಣ್ಣಿನಲ್ಲೇ, ಮೊಗ್ಗೆ ಒಡೆಯುವುದೂ ಅಲ್ಲೇ ಎಂದು ಅವರೇ ಹೇಳಿದರು. "ಹಂಗಾದ್ರ ಕಾಂಡ ಅಂದ್ರ ಇದು. ಗೆಣ್ಣು ಇರಬೇಕು, ಗೆಣ್ಣಿನಾಗ ಎಲಿ ಹುಟ್ಟಬೇಕು. ಈಗ ಹೇಳ್ರಿ, ಈ ಬಾಳಿಗಿ ಕಾಂಡ ಎಲ್ಲದ?"

ಹುಡುಗಿಯರು ಕಂಬದ ಕಡೆಗೆ ಬೆರಳು ತೋರಿಸಿದರು. ನಾನು ಇಲ್ಲ ಎಂದು ತಲೆ ಅಲ್ಲಾಡಿಸಿದೆ. ದೊಡ್ಡಕ್ಕೋರು ಕುಳಿತಲ್ಲಿಂದಲೇ ತಡೆದರು.

"ಸರಿಯಾಗೇ ಹೇಳ್ತಿದಾರಲ್ಲ ಮಕ್ಕಳು. ಅದೇ ಕಾಂಡ. ತಪ್ಪು ಹೇಳ್ಕೊಡ್ಬೇಡಿ."

"ಅಲ್ರೀ. ಇದು ಕಾಂಡ ಅಲ್ಲ," ಎಂದೆ. ನನ್ನ ದನಿ ನನಗೇ ಗಟ್ಟಿಯಾಗಿ ಕೇಳಿಸಿತು.

"ನಮ್ಮ ಹಿತ್ತಲಲ್ಲಿ ಹತ್ತು ಬಾಳೆ ಇದ್ವು. ದಿಂಡಿನ ಪಲ್ಯ ಮಾಡ್ಕೊಂಡು ತಿಂದಿದೀವಿ ನಾವು. ಒಳಗೆ ದಿಂಡು ಇರೋದು ಕಾಂಡ ಅಲ್ದೆ ಇನ್ನೇನ್ರೀ?"

ಒಪ್ಪಿಕೊಂಡು ಮುಂದೆ ಹೋಗಿದ್ದರೆ ಬಹುಶಃ ಅವರು ನನ್ನನ್ನು ಹೇಗೋ ದಾಟಿಸಿಬಿಡುತ್ತಿದ್ದರು. ನಾನು ಕುಡುಗೋಲು ತೆಗೆದುಕೊಂಡು ಕಂಬಕ್ಕೆ ಉದ್ದಕ್ಕೂ ಒಂದು ಗೀರು ಹಾಕಿದೆ. "ದಿಂಡು ಸಿಕ್ಕರ ನಾ ಸೋತೆ," ಎಂದು ಹುಡುಗಿಯರನ್ನು ಸಾಲಾಗಿ ಕರೆದೆ.

ಒಬ್ಬೊಬ್ಬಳು ಬಂದು ಒಂದೊಂದು ಪಟ್ಟೆ ಎಳೆದಳು. ಪ್ರತಿ ಪಟ್ಟೆಯ ತುದಿಯಲ್ಲೂ ಒಂದು ಎಲೆ. ಮೊದಲು ಪಿಸುಪಿಸು ಎನ್ನುತ್ತಿದ್ದವರು ಆಮೇಲೆ "ಇದೂ ಎಲಿ!" ಎಂದು ಕೂಗತೊಡಗಿದರು. ಕಂಬ ತೆಳ್ಳಗಾಗುತ್ತ ಹೋಯಿತು. ಏಳನೆಯ ಪಟ್ಟೆಯ ಹೊತ್ತಿಗೆ ದೊಡ್ಡಕ್ಕೋರು ಕುರ್ಚಿಯಲ್ಲಿ ಇರಲಿಲ್ಲ, ಮೇಜಿನ ಹತ್ತಿರ ಬಂದು ನಿಂತಿದ್ದರು. "ಸೆರಗು ಹಿಡೀರಿ ದೊಡ್ಡಕ್ಕೋರ, ಬಾಳಿ ಕಲಿ ಹೋಗಂಗಿಲ್ಲ," ಎಂದು ಒಬ್ಬ ಹುಡುಗಿ ಎಚ್ಚರಿಸಿದಳು. ಅವರು ಕೇಳಿಸಿಕೊಳ್ಳಲಿಲ್ಲ. ಕೊನೆಗೆ ಉಳಿದ ಬೆಳ್ಳನೆಯ ಕೋಲನ್ನು ತಾವೇ ಕೈಗೆ ತೆಗೆದುಕೊಂಡು, "ಇದೇ ನೋಡಿ ದಿಂಡು," ಎಂದರು. ಎನ್ನುತ್ತಲೇ ಅದು ಅವರ ಬೆರಳುಗಳ ನಡುವೆ ಮೆಲ್ಲಗೆ ಬಿಚ್ಚಿಕೊಂಡಿತು. ಅದು ಸುಳಿ. ಎಳೆಯ, ಹಳದಿ ಬಣ್ಣದ, ಇನ್ನೂ ಬಿಸಿಲು ಕಾಣದ ಎಲೆ. ಅವರು ಅದನ್ನು ಪೂರ್ತಿ ಬಿಡಿಸಿ ಬೆಳಕಿಗೆ ಹಿಡಿದು ನೋಡಿದರು. ಬಿಳಿ ಸೀರೆಯ ಮೇಲೆ ಬಾಳೆಯ ನೀರು ಹರಿಯುತ್ತಿತ್ತು.

"ಹಂಗಾದ್ರ ಎಲ್ಲದ ಅದು?" ಇನ್ಸ್‌ಪೆಕ್ಟರ್ ಸಾಹೇಬರು ಅಂದು ಆಡಿದ ಮೊದಲ ಮಾತು.

ನಾನು ಹೇಳಬೇಕೆನ್ನುವಷ್ಟರಲ್ಲಿ ಕುಸನೂರ ಕಡೆಯ ಒಬ್ಬ ರೈತರ ಹುಡುಗಿ, ವರ್ಷವಿಡೀ ಬಾಯಿ ಬಿಡದವಳು, ಕುಳಿತಲ್ಲಿಂದಲೇ, "ಗಡ್ಡ್ಯಾಗ ಅದರೀ!" ಎಂದು ಕೂಗಿದಳು.

ಗಡ್ಡೆಯನ್ನು ಮೇಜಿನ ನಡುವೆ ಎಳೆದಿಟ್ಟೆ. ಹಳೆಯ ಎಲೆಗಳು ಬಿದ್ದುಹೋದ ಗುರುತು ಬಳೆಯಂತೆ ಸುತ್ತ ಕಾಣುತ್ತಿತ್ತು. ಅವೇ ಗೆಣ್ಣುಗಳು, ಒತ್ತೊತ್ತಾಗಿ. ಪಕ್ಕದಲ್ಲಿ ಕಂದು ಒಡೆಯಲಿದ್ದ ಕಣ್ಣುಗಳು, ಕೆಳಗೆ ಬೇರು. ಬೇಕಾದದ್ದೆಲ್ಲ ಅಲ್ಲಿತ್ತು. ಗೊನೆ ಹಾಕುವ ಮುಂದೆ ದಿಂಡು ಇದರೊಳಗಿಂದಲೇ ಮೇಲಕ್ಕೇರುತ್ತದೆ, ಹಾಗಾಗಿ ದೊಡ್ಡಕ್ಕೋರು ತಿಂದ ಪಲ್ಯವೂ ಸುಳ್ಳಲ್ಲ ಎಂದು ಹೇಳಿದೆ. ಹುಡುಗಿಯರು ನಕ್ಕರು. ಆಶ್ಚರ್ಯವೆಂದರೆ ದೊಡ್ಡಕ್ಕೋರೂ ನಕ್ಕರು.

"ಕಿತಾಬಿನ್ಯಾಗ ಇದಕ್ಕ ಏನಂತಾರ?" ಎಂದರು ಇನ್ಸ್‌ಪೆಕ್ಟರ್ ಸಾಹೇಬರು.

"ಗಡ್ಡಿಗಿ ಭೂಗತ ಕಾಂಡ ಅಂತಾರ್ರೀ. ಮ್ಯಾಲ ಕಾಣೋ ಕಂಬಕ್ಕ ದೊಡ್ಡಕ್ಕೋರ ಪಟ್ಟಿಯೊಳಗ ಹೆಸರಿಲ್ಲ. ನಾ ಹುಸಿಕಾಂಡ ಅಂತ ಕರದೀನಿ."

ಅವರು ಆ ಶಬ್ದವನ್ನು ಒಮ್ಮೆ ಬಾಯಲ್ಲಿ ಆಡಿಸಿ ನೋಡಿದರು. ತಲೆದೂಗಿದರು. ಆಮೇಲೆ ದೊಡ್ಡಕ್ಕೋರ ಕಡೆ ತಿರುಗಿ, "ಇವರ ಕನ್ನಡದ ಮ್ಯಾಲ ತಮ್ಮ ಅಭಿಪ್ರಾಯ ಬರೀರಿ. ನಾ ಅದರ ಕೆಳಗ ದಸ್ತಖತ್ ಹಾಕ್ತೀನಿ," ಎಂದರು.

ಇದು ಕನ್ನಡವೇ ಅಲ್ಲ ಎಂದವರು ಅವರೇ. ತುಂಬಿದ ತರಗತಿಯಲ್ಲಿ ಅವರ ಮಾತಿಗೆ ಇಲ್ಲ ಎಂದವಳು ನಾನೇ. ದೊಡ್ಡಕ್ಕೋರು ಅಂಟಂಟಾದ ಬೆರಳುಗಳನ್ನು ಸೀರೆಗೇ ಒರೆಸಿಕೊಂಡು, ದಫ್ತರನ್ನು ಗಡ್ಡೆಯ ಪಕ್ಕದಲ್ಲೇ ಇಟ್ಟುಕೊಂಡು ನಿಂತೇ ಬರೆದರು. ಬರೆಯುವ ನಡುವೆ ಒಮ್ಮೆ ತಲೆಯೆತ್ತಿ, "ಆ ಎಲೆ ಬುಡಕ್ಕೆ ಏನಂದ್ರಿ? ಪಟ್ಟೆ ಅಲ್ವಾ?" ಎಂದು ಕೇಳಿದರು. ಹೌದೆಂದೆ. ತಮ್ಮ ಶಬ್ದಪಟ್ಟಿಯ ಅಂಚಿನಲ್ಲಿ ಅದನ್ನು ಬರೆದುಕೊಂಡು, ಆಮೇಲೆ ದಫ್ತರನ್ನು ನನ್ನ ಕಡೆ ತಿರುಗಿಸಿದರು.

'ಇವರು ಕನ್ನಡದಲ್ಲಿ ವಿಜ್ಞಾನವನ್ನು ನನಗಿಂತ ಚೆನ್ನಾಗಿ ಬೋಧಿಸಬಲ್ಲರು. ಖಾಯಂ ಮಾಡಬೇಕು.'

ಎರಡು ಸಲ ಓದಿದೆ. ಕಣ್ಣು ತುಂಬಿ ಬಂತು, ಅಳುವನ್ನು ಮುಚ್ಚಿಡಲು ಹೋಗಲಿಲ್ಲ. ನಾನು ಓದಿ ನೋಡಿದ್ದೇನೆಂದು ಕೆಳಗೆ ಸಹಿ ಹಾಕಬೇಕಿತ್ತು. ಲೇಖನಿ ತೆಗೆದುಕೊಂಡು ಬಲಗಡೆಯಿಂದ ಎಡಗಡೆಗೆ, ಉರ್ದುವಿನಲ್ಲಿ ಹಾಕಿದೆ. ಅಪ್ಪ ಕೈ ಹಿಡಿದು ಕಲಿಸಿದ ಸಹಿ ಅದು, ಯಾರ ಆದೇಶ ಬಂದರೂ ಬಿಡುವವಳಲ್ಲ ನಾನು. ದೊಡ್ಡಕ್ಕೋರು ಆ ಸಹಿಯನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಶಾಯಿ ಅಳಿಸಿಹೋಗದಂತೆ ಅದರ ಮೇಲೆ ಒತ್ತುಕಾಗದ ಇಟ್ಟು ಮೆಲ್ಲಗೆ ಒತ್ತಿದರು.